ಒಗೆದಿಟ್ಟ ಟವೆಲ್ಲು

ನಾನು ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಬೇರೆಯವರಿಂದ ಕೇಳಿದ್ದು, ಆಮೇಲೆ ತಿಳಿದದ್ದು ಅದರ ಹಿಂದೆ ಬರಲಿ. ಈ ಕ್ರಮವನ್ನು ನಾನು ಪೊಲೀಸರ ಮುಂದೆ ಬಿಡಲಿಲ್ಲ, ಕೋರ್ಟಿನಲ್ಲಿ ಬಿಡಲಿಲ್ಲ. ಇಲ್ಲಿಯೂ ಬಿಡುವುದಿಲ್ಲ.

ಬ್ಯಾಡಗಿಯಲ್ಲಿ ನಮ್ಮ ಸೋದರಮಾವನ ಮೊಮ್ಮಗಳಿಗೆ ಹೆಸರಿಡುವ ಕಾರ್ಯ ಇತ್ತು. ನಾನು ಹಾವೇರಿಯಿಂದ ಬಸ್ಸಿನಲ್ಲಿ ಹೋಗಿದ್ದೆ. ನನ್ನ ತಂಗಿ ರಾಣೇಬೆನ್ನೂರಿನ ಆಚೆಗಿರುವ ತನ್ನ ಗಂಡನ ಊರಿನಿಂದ ಸ್ಕೂಟರಿನಲ್ಲಿ ಬಂದಿದ್ದಳು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಹೊರಬಿದ್ದಾಗ ಅವಳು, ‘ಬಸ್‌ಸ್ಟ್ಯಾಂಡಿಗೆ ಯಾಕ ಹೋಕ್ಕಿ? ಮೋಟೆಬೆನ್ನೂರ ತನಕ ನನ್ನ ಹಿಂದ ಕುಂದರು. ಅಲ್ಲೆ ಹೈವೇದಾಗ ನಿಂಗ ಹಾವೇರಿ ಬಸ್ ಸಿಗ್ತೈತಿ, ನಾ ಈ ಕಡೆ ರಾಣೇಬೆನ್ನೂರಿಗೆ ತಿರಗತೇನಿ’ ಎಂದಳು. ನಾನು ಹತ್ತಿ ಕುಳಿತೆ. ‘ಸಾವಕಾಶ ಹೋಗು’ ಎಂದೆ. ‘ನೀ ಕುಂತ ಮ್ಯಾಲ ಇದು ಲಗೂ ಎಲ್ಲಿ ಹೋಕ್ಕೈತಿ’ ಎಂದಳು. ನಾನು ದಪ್ಪಗಿದ್ದೇನೆ, ಚೇಷ್ಟೆಗೆ ಇಂಥ ಅವಕಾಶ ಸಿಕ್ಕರೆ ಅವಳು ಬಿಡುವವಳಲ್ಲ.

ಅದು ಮೆಣಸಿನಕಾಯಿ ಹಂಗಾಮು. ಆ ತಿಂಗಳುಗಳಲ್ಲಿ ಬ್ಯಾಡಗಿ ಪೇಟೆಯ ಗಾಳಿಯೇ ಗಂಟಲು ಕೆರೆಯುತ್ತದೆ. ಹಮಾಲರು, ಚೀಲ ಹೊಲಿಯುವವರು, ಗಾಡಿ ಓಡಿಸುವವರು ಮೂಗು ಬಾಯಿ ಮುಚ್ಚಿ ಟವೆಲ್ಲು ಸುತ್ತಿಕೊಂಡೇ ಇರುತ್ತಾರೆ. ಬಿಳಿ ಟವೆಲ್ಲು ಎರಡು ದಿನಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ದಾರಿಯಲ್ಲಿ ಚೀಲ ಹೇರಿದ ಗಾಡಿಗಳು ಹೋಗುತ್ತಿದ್ದವು, ಬರುತ್ತಿದ್ದವು. ನಾವು ರಸ್ತೆಯ ಎಡ ಅಂಚಿನಲ್ಲೇ ಇದ್ದೆವು.

ಹಿಂದಿನಿಂದ ಹಾರ್ನ್ ಕೇಳಿಸಿತು. ಒತ್ತಿ ಹಿಡಿದ ಹಾರ್ನ್, ನಡುವೆ ಬಿಡಲೇ ಇಲ್ಲ. ತಂಗಿ ಇನ್ನಷ್ಟು ಎಡಕ್ಕೆ ತೆಗೆದುಕೊಂಡಳು. ಆಮೇಲೆ ನನ್ನ ಬಲ ಮೊಣಕಾಲಿನ ಪಕ್ಕಕ್ಕೆ ದೊಡ್ಡ ಪೆಟ್ಟು ಬಿತ್ತು, ಸ್ಕೂಟರು ನಮ್ಮ ಕೆಳಗಿನಿಂದ ಜಾರಿಹೋಯಿತು. ನಾನು ಹೊಲದ ಅಂಚಿನ ಮಣ್ಣಿನ ಮೇಲೆ ಬಿದ್ದೆ. ತಂಗಿ ಸ್ಕೂಟರಿನ ಜೊತೆಗೇ ಹೋಗಿ ಕಲ್ಲಿನ ಮೇಲೆ ಬಿದ್ದಳು. ಅವಳ ಬಲಗೈ ಬ್ರೇಕಿನ ಕಡ್ಡಿಗೂ ಕಲ್ಲಿಗೂ ನಡುವೆ ಸಿಕ್ಕಿತ್ತು. ಹೆಬ್ಬೆರಳಿನ ಬುಡದಿಂದ ಅಂಗೈಯ ತನಕ ಬಾಯಿ ತೆರೆದಂತೆ ಸೀಳಿತ್ತು.

ನಮ್ಮನ್ನು ದಾಟಿ ಮುಂದೆ ಒಂದು ಸಣ್ಣ ಸರಕಿನ ಗಾಡಿ ನಿಂತಿತ್ತು. ಹಿಂದೆ ಖಾಲಿ ಚೀಲಗಳ ರಾಶಿ. ಅದರಿಂದ ಒಬ್ಬ ಇಳಿದು ನಮ್ಮ ಕಡೆಗೆ ಓಡಿಬಂದ. ಕಣ್ಣುಗಳನ್ನು ಬಿಟ್ಟು ಅವನ ಮುಖವೆಲ್ಲ ಟವೆಲ್ಲಿನೊಳಗೆ ಇತ್ತು. ತಂಗಿಯ ಕೈ ನೋಡಿದವನೇ ಆ ಟವೆಲ್ಲನ್ನು ಬಿಚ್ಚಿದ. ಆಗ ಅವನ ಮುಖ ಕಂಡಿತು: ಕುರುಚಲು ಗಡ್ಡ, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಟವೆಲ್ಲನ್ನು ಉದ್ದಕ್ಕೆ ಮಡಚಿ ಅವಳ ಕೈಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ. ‘ಕೈ ಮ್ಯಾಲ ಎತ್ತಿ ಹಿಡಕೋರಿ ಅಕ್ಕಾರ. ಕಣ್ಣಿಗೆ ಹಚ್ಚಬ್ಯಾಡ್ರಿ, ಖಾರ ಐತಿ’ ಎಂದ. ಇವು ಅವನ ಮಾತುಗಳು, ನಾನು ಸೇರಿಸಿದ್ದು ಏನೂ ಇಲ್ಲ.

ಅಷ್ಟರಲ್ಲಿ ಬ್ಯಾಡಗಿ ಕಡೆಯಿಂದ ಬೈಕುಗಳ ಸದ್ದು ಬಂತು. ಅವನು ಆ ಕಡೆ ಒಮ್ಮೆ ನೋಡಿದ, ಓಡಿದ, ಗಾಡಿ ಹತ್ತಿ ಹೋದ. ಬೈಕುಗಳು ಅವನ ಬೆನ್ನು ಹತ್ತಿ ನಮ್ಮ ಪಕ್ಕದಿಂದಲೇ ಹೋದವು. ಅವು ನಿಲ್ಲಲಿಲ್ಲ.

ನಾನು ಕಣ್ಣಾರೆ ಕಂಡದ್ದು ಇಷ್ಟು. ಗಾಡಿ ನಮಗೆ ಹೊಡೆಯುವುದನ್ನು ನಾನು ನೋಡಲಿಲ್ಲ. ಅದು ಹಿಂದಿನಿಂದ ಬಂತು.

ಆಮೇಲೆ ತಿಳಿದದ್ದು: ಆ ಗಾಡಿಯವನು ಬ್ಯಾಡಗಿಯ ಹೊರಗೆ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದ್ದ ಬೈಕಿಗೆ ತಾಗಿಸಿ ಕೆಡವಿದ್ದ. ಬೈಕಿನವರು ಕೂಗುತ್ತ ಬಂದರು, ಇವನು ನಿಲ್ಲದೆ ಓಡಿಸಿಕೊಂಡು ಬಂದ. ಅವರಿಗೆ ಅವನು ಸಿಗಲಿಲ್ಲ, ಗಾಡಿಯ ನಂಬರು ಸಿಕ್ಕಿತು. ಬಗ್ಗಿದ ಬೈಕಿಗಾಗಿ ಬೆನ್ನು ಹತ್ತಿದವರು ಕೊಟ್ಟ ಆ ನಂಬರಿನಿಂದಲೇ ನಮ್ಮ ಕೇಸಿಗೆ ಒಂದು ಗಾಡಿ ಅಂತ ದೊರಕಿತು. ಅದಿಲ್ಲದಿದ್ದರೆ ‘ಅಪರಿಚಿತ ವಾಹನ’ ಎಂದು ಬರೆದು ಫೈಲು ಮುಚ್ಚುತ್ತಿದ್ದರು.

ದಾರಿಹೋಕರೊಬ್ಬರ ಕಾರಿನಲ್ಲಿ ನಾವು ರಾಣೇಬೆನ್ನೂರಿನ ಒಂದು ಆಸ್ಪತ್ರೆ ಸೇರಿದೆವು. ಅಲ್ಲಿ ಟವೆಲ್ಲು ಬಿಚ್ಚಿದಾಗ ತಂಗಿ ಮೊದಲ ಬಾರಿಗೆ ಅತ್ತಳು. ಸೀಳಿದ್ದಕ್ಕಿಂತ ಉರಿಯೇ ಹೆಚ್ಚಾಗಿತ್ತು. ಅಂಗೈ, ಮಣಿಕಟ್ಟು, ಟವೆಲ್ಲು ಸುತ್ತಿದಷ್ಟೂ ಚರ್ಮ ಕೆಂಪಗೆ ಉಬ್ಬಿತ್ತು. ಹೊಲಿಗೆ ಹಾಕುತ್ತಿದ್ದ ಡಾಕ್ಟರು, ‘ಮೆಣಸಿನಕಾಯಿ ಕೆಲಸ ಮಾಡ್ತೀರೇನು?’ ಎಂದು ಕೇಳಿದರು. ತಂಗಿ ಹೂಂ ಎಂದು ತಲೆಯಾಡಿಸಿದಳು. ಸುಳ್ಳಲ್ಲ. ಆ ವಾರವೇ ವರ್ಷದ ಖಾರದ ಪುಡಿಗೆಂದು ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ತೆಗೆದಿದ್ದಳು. ನಮ್ಮ ಕಡೆ ಆ ಹಂಗಾಮಿನಲ್ಲಿ ಈ ಪ್ರಶ್ನೆಗೆ ಇಲ್ಲ ಎನ್ನುವ ಹೆಂಗಸು ಸಿಗುವುದು ಕಷ್ಟ. ಡಾಕ್ಟರು ತಮಗೆ ತಿಳಿದಂತೆ ಬರೆದುಕೊಂಡರು.

ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸರು ವಯಸ್ಸಾದವರು, ಸಮಾಧಾನಿ. ಟವೆಲ್ಲಿನ ಮಾತು ಬಂದಾಗ ಪೆನ್ನು ಎತ್ತಿದರು.

‘ಬಾಯಾರ, ಓಡಿ ಹೋಗಾಂವ ಟವಲ್ಲ ಕಟ್ಟಿ ಹೋಗ್ತಾನೇನ್ರಿ?’

‘ಹೋದ್ನಿರಿ.’

‘ನೀವು ಗಾಬರಿ ಆಗೀರಿ. ಸ್ವಲ್ಪ ನೀರ ಕುಡೀರಿ.’

‘ಗಾಬರಿ ಆಗೇನ್ರಿ. ನೀರೂ ಕುಡದೇನಿ. ಟವಲ್ಲ ಕಟ್ಟಿದಾಂವ ಅಂವನ. ಅದನ್ನ ಬರಕೋರಿ.’

ಅವರು ಬರೆದುಕೊಂಡರು. ಬರೆದದ್ದನ್ನು ನನಗೆ ಓದಿ ಹೇಳಿದರು. ‘ಖಾರ ಐತಿ’ ಎಂಬ ಮಾತು ಬಿಟ್ಟಿತ್ತು. ಅದನ್ನೂ ಸೇರಿಸಿರಿ ಎಂದೆ. ಅವರು ನಿಟ್ಟುಸಿರು ಬಿಟ್ಟು ಸೇರಿಸಿದರು.

ನಾನು ಗಟ್ಟಿಗಿತ್ತಿ ಎಂದು ಇದನ್ನು ಹೇಳುತ್ತಿಲ್ಲ. ಆ ನಂತರ ಬಹಳ ದಿನ ಹಾರ್ನ್ ಕೇಳಿದರೆ ನನ್ನ ಬಲ ಮೊಣಕಾಲು ತಾನಾಗಿ ಒಳಗೆ ಎಳೆದುಕೊಳ್ಳುತ್ತಿತ್ತು. ನಮ್ಮದು ಹಾವೇರಿಯಲ್ಲಿ ಬಟ್ಟೆ ಅಂಗಡಿ. ನನ್ನ ಗಂಡ ತೀರಿದ ಮೇಲೆ ನಾನೇ ನಡೆಸುತ್ತೇನೆ. ಆ ದಿನಗಳಲ್ಲಿ ಬ್ಲೌಸ್ ಪೀಸು ಕತ್ತರಿಸಿ ಕೊಡುವಾಗ ಕತ್ತರಿ ನೆಟ್ಟಗೆ ಓಡುತ್ತಿರಲಿಲ್ಲ, ಅಳತೆ ಹಾಕಿದ್ದನ್ನೇ ಮತ್ತೆ ಹಾಕುತ್ತಿದ್ದೆ. ಆದರೆ ಕಂಡದ್ದು ಮಾತ್ರ ಅಲುಗಾಡಲಿಲ್ಲ. ಕೈ ನಡುಗಿದರೂ ಮೀಟರು ಕೋಲು ಅದೇ ಉದ್ದವೇ ತಾನೇ.

ತಂಗಿಯ ಕೈಯ ಬಗ್ಗೆ ಹೇಳಬೇಕು. ಅವಳೂ ಅವಳ ಗಂಡನೂ ಹೊಲದಲ್ಲಿ ಹುಳ ಬಾರದಂತೆ ಬಲೆಯ ಮನೆ ಕಟ್ಟಿ ಟೊಮ್ಯಾಟೊ ಬೀಜ ಬೆಳೆಯುತ್ತಾರೆ. ರಾಣೇಬೆನ್ನೂರಿನ ಸುತ್ತ ಈ ಕೆಲಸ ಬಹಳ. ಎಲ್ಲರೂ ‘ಕ್ರಾಸಿಂಗ್’ ಎನ್ನುತ್ತಾರೆ. ಒಂದು ತಳಿಯ ಮೊಗ್ಗನ್ನು ಅರಳುವ ಮುಂಚೆ ಬೆರಳಲ್ಲಿ ಹಿಡಿದು, ಚಿಮಟದಿಂದ ಅದರ ಗಂಡು ಭಾಗವನ್ನು ಕಿತ್ತು, ಮಾರನೆಯ ಬೆಳಗ್ಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸಬೇಕು. ಬಿಗಿ ಹಿಡಿದರೆ ಮೊಗ್ಗು ಮುರಿಯುತ್ತದೆ, ಸಡಿಲ ಹಿಡಿದರೆ ಚಿಮಟ ಜಾರುತ್ತದೆ. ಅವಳ ಹೊಲದಲ್ಲಿ ಕೆಲಸಕ್ಕೆ ಬರುವ ಹೆಂಗಸರಿಗೆಲ್ಲ ಕಲಿಸಿದವಳು ಅವಳೇ. ಹೊಲಿಗೆ ಬಿಚ್ಚಿದ ಮೇಲೆ ಅವಳ ಹೆಬ್ಬೆರಳು ತೋರುಬೆರಳನ್ನು ಮುಟ್ಟಲಿಲ್ಲ. ನಡುವೆ ಒಂದು ಅಡಿಕೆ ಕೂರುವಷ್ಟು ಸಂದು ಉಳಿಯಿತು. ಇನ್ನೊಂದು ಆಪರೇಷನ್ ಮಾಡಿದರೆ ಕೂಡಬಹುದು, ಬಹಳ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದರು. ಅದು ಹುಬ್ಬಳ್ಳಿಗೆ ಹೋಗಿ ಮಾಡಿಸಬೇಕಾದದ್ದು, ಪರಿಹಾರ ಬಂದರೆ ಮಾತ್ರ ಆಗುವಂಥದ್ದು. ನಾವು ಕ್ಲೇಮು ಹಾಕಿದ್ದು ಆ ಎರಡು ಬೆರಳುಗಳಿಗಾಗಿ.

ಕೇಸು ಹಿಡಿದ ವಕೀಲರು ರಾಣೇಬೆನ್ನೂರಿನವರು, ಹೆಣ್ಣುಮಗಳು, ನನ್ನದೇ ವಯಸ್ಸು. ಅವರ ಆಫೀಸಿನಲ್ಲಿ ನನ್ನ ಹೇಳಿಕೆ ಓದಿ ಅವರು ಕನ್ನಡಕ ತೆಗೆದರು.

‘ಅಕ್ಕಾರ, ಈ ಟವಲ್ ಮಾತು ನಮಗ ಬ್ಯಾಡಾಗಿತ್ತು.’

‘ಯಾಕ್ರಿ?’

‘ಡ್ರೈವರ್ ಏನು ಬರಸ್ಯಾನ ಗೊತ್ತೈತೇನ್ರಿ? ನಾ ಯಾರಿಗೂ ಹೊಡದಿಲ್ಲ, ನಾ ಎಲ್ಲೂ ನಿಂತಿಲ್ಲ, ಸ್ಕೂಟರ್ ತಾನ ಜಾರಿ ಬಿದ್ದಿರಬೇಕು ಅಂತ. ಗಾಡಿ ಓನರೂ ಅದನ್ನ ಹೇಳ್ತಾನ. ನಾವು ಅಂವ ಹೊಡದು ಓಡಿ ಹೋದ ಅಂದ್ರ ಎಲ್ಲಾರೂ ನಂಬ್ತಾರ. ನಿಂತು, ಇಳದು, ಟವಲ್ ಕಟ್ಟಿ, ಕಾಳಜಿ ಮಾತು ಹೇಳಿ ಓಡಿ ಹೋದ ಅಂದ್ರ ಯಾರ ನಂಬ್ತಾರ? ಒಂದು ಮಾತು ನಂಬಲಿಲ್ಲ ಅಂದ್ರ ಉಳದದ್ದೂ ಹೋಕ್ಕೈತಿ.’

‘ಹಂಗಾರ ಏನ್ ಮಾಡಬೇಕ್ರಿ?’

‘ಪೊಲೀಸರ ಮುಂದ ಹೇಳೀರಿ, ಅದು ಹೋಗ್ಲಿ. ಕೋರ್ಟಿನಾಗ ಅವರಾಗಿ ಕೇಳೂ ತನಕ ಎತ್ತಬ್ಯಾಡ್ರಿ. ಯಾರ ಕಟ್ಟಿದ್ರೋ ನೆನಪಿಲ್ಲ ಅಂದ್ರೂ ನಡೀತೈತಿ.’

‘ನೆನಪೈತೆಲ್ರಿ’ ಎಂದೆ. ‘ನಾ ಬಟ್ಟಿ ಕತ್ತರಿಸಿ ಕೊಡ್ತೇನ್ರಿ. ನೋಡಿದ್ದನ್ನ ಕತ್ತರಿಸಿ ಕೊಡಾಕ ಬರೂದಿಲ್ಲ.’

ಅವರು ಸಿಟ್ಟಾಗಲಿಲ್ಲ. ‘ಆ ಟವಲ್ ಎಲ್ಲೈತ್ರಿ? ರಕ್ತ, ಖಾರ ಎರಡೂ ಇದ್ರ ಲ್ಯಾಬಿಗರ ಕಳಸೂಣಂತ’ ಎಂದರು.

ಆಸ್ಪತ್ರೆಯಲ್ಲಿ ನರ್ಸು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನಮ್ಮ ಕೈಗೆ ಕೊಟ್ಟಿದ್ದರು. ಅದು ತಂಗಿಯ ಮನೆ ಸೇರಿತ್ತು. ನಾನು, ತಂಗಿ, ವಕೀಲರು ಮೂವರೂ ಅವಳ ಮನೆಗೆ ಹೋದೆವು. ತಂಗಿಯ ಅತ್ತೆ ಒಳಗೆ ಹೋಗಿ, ಗೋಡೆಯ ನಾಗೊಂದಿಗೆ ಹಲಗೆಯ ಮೇಲಿಂದ ಟವೆಲ್ಲು ತಂದು ವಕೀಲರ ಕೈಯಲ್ಲಿಟ್ಟರು. ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿತ್ತು. ನೀಲಿ ಹಾಕಿದ ಬಿಳುಪು. ವಕೀಲರು ಮೂಗಿನ ಹತ್ತಿರ ಹಿಡಿದರು.

‘ಅಜ್ಜಿ, ಇದನ್ನ ಒಗದೀರೇನು?’

‘ಒಗೀದಂಗ ಇಟ್ಟೇನೇನು? ಮಂದಿ ಟವಲ್ಲ ಅದು. ಯಾವಾಗರ ತಗೊಂಡು ಹೋಗಾಕ ಬಂದ್ರ ರಗತ ಹಚ್ಚಿ ಕೊಡಾಕ ಬರ್ತೈತೇನು?’

‘ಅಜ್ಜಿ, ಸಾಕ್ಷಿ ಇತ್ತು ಇದು.’

‘ಸಾಕ್ಷಿನೂ ಸ್ವಚ್ಛ ಇದ್ರ ಏನಾತು’ ಎಂದರು ಅವರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರನ್ನು ಬೈಯುವಂತಿರಲಿಲ್ಲ. ನಮ್ಮಲ್ಲಿ ಬೇರೆಯವರ ಮನೆಯ ಪಾತ್ರೆಯನ್ನು ಬರಿದು ಕಳಿಸುವುದಿಲ್ಲ, ಬೇರೆಯವರ ಬಟ್ಟೆಯನ್ನು ಕೊಳೆಯಾಗಿ ಕೊಡುವುದಿಲ್ಲ. ಕೊಟ್ಟವನು ಯಾರು, ಯಾಕೆ ಕೊಟ್ಟ ಎನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಪೊಲೀಸರೂ ಅದನ್ನು ನೋಡಿ, ‘ಇದರಾಗ ಒಗ್ಯೂ ಸಬಕಾರದ ವಾಸನಿ ಬಿಟ್ಟು ಏನೂ ಇಲ್ಲ’ ಎಂದು ವಾಪಸು ಕೊಟ್ಟರು. ಅತ್ತೆ ಅದನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟರು.

ಕೇಸು ಶುರುವಾದಾಗ ವಕೀಲರು ಹೆದರಿದ್ದು ಒಂದು, ಬಂದದ್ದು ಇನ್ನೊಂದು. ವಿಮಾ ಕಂಪನಿಯ ಪರವಾಗಿ ಬಂದವರು ಎಳೆಯ ವಕೀಲರು, ಬಹಳ ಮರ್ಯಾದಸ್ಥರು. ಅವರು ಆಸ್ಪತ್ರೆಯ ಬರಹವನ್ನು ಎತ್ತಿ ಹಿಡಿದರು. ಈ ಕೈಯಲ್ಲಿ ಮೆಣಸಿನಕಾಯಿಯ ಉರಿ ಇತ್ತು, ಕೆಲಸ ಮೆಣಸಿನಕಾಯಿಯದು ಎಂದು ಈಕೆಯೇ ಒಪ್ಪಿದ್ದಾಳೆ. ಉರಿಯುವ ಕೈಯಿಂದ ಬ್ರೇಕು ಹಿಡಿಯಲಾಗದೆ ಸ್ಕೂಟರು ತಾನಾಗಿ ಬಿತ್ತು. ಬೆರಳು ಬಿಗಿದುಕೊಂಡದ್ದಕ್ಕೂ ಆ ಉರಿಯೇ ಕಾರಣ, ಗಾಡಿಯಲ್ಲ. ಅವರ ವಾದ ಕೇಳುತ್ತಿದ್ದರೆ ನನಗೂ ಒಂದು ಕ್ಷಣ ಹಾಗೇ ಇರಬಹುದೇನೋ ಅನಿಸಿತು, ಅಷ್ಟು ಚೆನ್ನಾಗಿ ಹೊಲಿದಿದ್ದರು. ಪಕ್ಕದಲ್ಲಿ ಕುಳಿತಿದ್ದ ತಂಗಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ‘ನಾ ಯಾಕರ ಹೂಂ ಅಂದ್ನೋ’ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ವಕೀಲರು ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ನನ್ನ ಮುಂದೆ ಕಪ್ಪು ಇಟ್ಟರು.

‘ಅಕ್ಕಾರ, ನಿಮ್ಮ ಟವಲ್ ಈಗ ಬೇಕಾತು.’

‘ಅವತ್ತು ಬ್ಯಾಡಾಗಿತ್ತೆಲ್ರಿ.’

‘ಅವತ್ತು ನಾ ಶಾಣ್ಯಾಕಿ ಇದ್ದೆ’ ಎಂದು ಅವರು ನಕ್ಕರು. ‘ಆ ಉರಿ ಎಲ್ಲಿಂದ ಬಂತು ಅನ್ನಾಕ ಬ್ಯಾರೆ ದಾರಿ ಇಲ್ಲ. ಮೊದಲನೇ ದಿನಾನ ನೀವು ಬರಸೀರಿ, ಅದು ಒಂದ ಪುಣ್ಯಾ. ಈಗ ಹೊಸದಾಗಿ ಹೇಳಿದ್ರ ಕತಿ ಕಟ್ಟೀರಿ ಅಂತಿದ್ರು.’

ನನ್ನ ಸರದಿ ಬಂತು. ಕಟಕಟೆ ಹತ್ತಿದೆ. ವಿಮೆಯ ವಕೀಲರು ಕೇಳಿದರು, ‘ಆ ಹೊತ್ತಿನಲ್ಲಿ ನೀವು ಗಾಬರಿಯಾಗಿದ್ದಿರಿ, ಅಲ್ಲವೇ?’

‘ಹೌದ್ರಿ.’

‘ಗಾಡಿ ನಿಮ್ಮ ಸ್ಕೂಟರಿಗೆ ಬಡಿದದ್ದನ್ನು ನೀವು ನೋಡಿದಿರಾ?’

‘ಇಲ್ರಿ.’

ನಮ್ಮ ವಕೀಲರು ಕಣ್ಣು ಮುಚ್ಚಿದ್ದು ನನಗೆ ಕಂಡಿತು.

‘ಅಂದರೆ ಗಾಡಿ ಬಡಿದಿದೆ ಎಂದು ನೀವು ಹೇಳಲಾರಿರಿ.’

‘ಹಿಂದಿನಿಂದ ಬಂತ್ರಿ. ಬೆನ್ನಾಗ ಕಣ್ಣಿಲ್ಲ. ಹೊಡತ ನೋಡಿಲ್ಲ, ಹೊಡತ ತಿಂದೇನಿ. ಬಿದ್ದ ಮ್ಯಾಲ ಎದ್ದು ನೋಡಿದೆ. ನಮ್ಮನ್ನ ದಾಟಿ ಹೋಗಿ ನಿಂತ ಗಾಡಿ ಅದೊಂದ ಇತ್ತು.’

‘ಡ್ರೈವರನ ಮುಖಕ್ಕೆ ಬಟ್ಟೆ ಇತ್ತು ಎಂದು ನೀವೇ ಹೇಳಿದ್ದೀರಿ. ಮತ್ತೆ ಗುರುತು ಹೇಗೆ?’

‘ಗಾಡಿಯಿಂದ ಇಳದಾಗ ಗುರುತು ಸಿಗಲಿಲ್ರಿ. ಆ ಬಟ್ಟಿನ ಬಿಚ್ಚಿ ಕೈಗೆ ಕಟ್ಟಿದ. ಆಗ ಮಾರಿ ಕಂಡ್ತು.’

ನಾನು ಅಂಗಡಿಯಲ್ಲಿ ಎಷ್ಟು ಬಟ್ಟೆ ಇದೆಯೋ ಅಷ್ಟೇ ಅಳೆಯುತ್ತೇನೆ, ಎಳೆದು ಉದ್ದ ಮಾಡುವುದಿಲ್ಲ. ಅಲ್ಲಿಯೂ ಅದನ್ನೇ ಮಾಡಿದೆ. ಕೆಳಗಿಳಿದಾಗ ಮೈ ಬೆವತಿತ್ತು, ಮನಸ್ಸು ಹಗುರಾಗಿತ್ತು. ನನ್ನ ಮಾತನ್ನು ಯಾರಾದರೂ ನಂಬದೆ ಇರಬಹುದಿತ್ತು. ಅದನ್ನು ಅಲುಗಿಸಲು ಮಾತ್ರ ಆಗುತ್ತಿರಲಿಲ್ಲ.

ಡ್ರೈವರನನ್ನು ವಿಮೆಯವರೇ ಕರೆಸಿದ್ದರು. ಕುರುಚಲು ಗಡ್ಡ ಬೋಳಿಸಿಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಹುಬ್ಬಿನ ಮೇಲಿನ ಗುರುತು ಹಾಗೇ ಇತ್ತು. ಅವನು ನಮ್ಮ ಕಡೆ ನೋಡಲಿಲ್ಲ. ಹೊಡೆದಿಲ್ಲ, ನಿಂತಿಲ್ಲ, ಇಳಿದಿಲ್ಲ, ಸ್ಕೂಟರು ಬಿದ್ದದ್ದೇ ಗೊತ್ತಿಲ್ಲ ಎಂದು ಗಿಣಿಪಾಠದ ಹಾಗೆ ಹೇಳಿ ಮುಗಿಸಿದ.

ನಮ್ಮ ವಕೀಲರು ಎದ್ದರು. ಗಾಡಿಯ ಮಾತು ಎತ್ತಲಿಲ್ಲ.

‘ನೀನು ಮೆಣಸಿನಕಾಯಿ ಗಾಡಿ ಎಷ್ಟ ವರ್ಷದಿಂದ ಹೊಡೀತಿ?’

‘ಮೊದಲಿಂದ್ಲೂರಿ. ನಮ್ಮಪ್ಪನೂ ಅದನ್ನ ಮಾಡ್ತಿದ್ದ.’

‘ಹಂಗಾಮಿನಾಗ ಮಾರಿಗೆ ಕಟ್ಟಿದ ಟವಲ್ ಎಷ್ಟ ಖಾರ ಇರ್ತೈತಿ?’

‘ಜಗ್ಗ ಇರ್ತೈತ್ರಿ. ಮುಟ್ಟಿದ ಕೈ ಕಣ್ಣಿಗೆ ಒಯ್ದ್ರ ಮುಗೀತು.’

‘ಅಂಥಾ ಟವಲ್ ಹಸೀ ಗಾಯಕ್ಕ ಕಟ್ಟಿದ್ರ?’

‘ಉರೀತೈತ್ರಿ.’

‘ಈ ಹೆಣ್ಣುಮಗಳ ಕೈಗೆ ಯಾರೋ ಅಂಥಾದ್ದನ್ನ ಕಟ್ಯಾರ. ದವಾಖಾನಿಯಾಗ ಉರಿ ತಾಳದ ಅತ್ತಾಳ. ನೀನು ಮೆಣಸಿನಕಾಯಿ ಮನಿಷ್ಯಾ, ನಿನಗ ತಿಳೀತೈತಿ. ಬಿದ್ದು ಒದ್ದಾಡೂ ಹೆಣ್ಣುಮಗಳಿಗೆ ಬೇಕಂತ ಖಾರ ಹಚ್ಚಿ ಕಟ್ಟಿದಾಂವ ಎಂಥಾ ಕಟುಕ ಇರಬೇಕು, ನೀನ ಹೇಳು.’

ಅವನ ಕಿವಿ ಕೆಂಪಾಗುವುದು ನನಗೆ ಕಂಡಿತು.

‘ಕಟುಕ ಅಲ್ಲೇನು? ಕೊಲ್ಲೂದಕ್ಕಿಂತ ಕೆಟ್ಟ...’

‘ಬ್ಯಾರೆ ಏನಿತ್ರಿ ಅಲ್ಲೆ?’ ಎಂದ ಅವನು. ದನಿ ಏರಿಸಲಿಲ್ಲ. ‘ರಗತ ಹರ್ಯಾಕತ್ತಿತ್ತು. ಅಂಗಿ ಹರೀಬೇಕಂದ್ರ ಅದೂ ಖಾರ. ಇದ್ದದ್ದನ್ನ ಕಟ್ಟಿದೆ. ಕಣ್ಣಿಗೆ ಹಚ್ಚಬ್ಯಾಡ್ರಿ ಅಂತ ಹೇಳೂ ಹೇಳೇನಿ.’

ಬೆರಳಚ್ಚು ಮಾಡುವವರ ಕೈ ನಿಂತಿತ್ತು. ತಾನು ಏನು ಹೇಳಿದೆ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಓಡಿಹೋದವನು ಅನ್ನಿಸಿಕೊಳ್ಳಲು ಅವನು ತಯಾರಾಗಿ ಬಂದಿದ್ದ. ಕಟ್ಟಿದ್ದೇ ಕೆಟ್ಟತನ ಅನ್ನಿಸಿಕೊಳ್ಳಲು ತಯಾರಾಗಿರಲಿಲ್ಲ. ವಿಮೆಯ ವಕೀಲರು ಏಳಲು ಹೋಗಿ ಕುಳಿತರು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ‘ನಿಂತಿಲ್ಲ ಅಂತ ಈಗ ಹೇಳಿದೆಯಲ್ಲಪ್ಪ’ ಎಂದರು.

‘ನಿಂತಿದ್ದೆರಿ ಸಾಹೇಬ್ರ.’

‘ಯಾಕೆ ನಿಂತೆ?’

ಅವನು ಆಗ ಮೊದಲ ಬಾರಿಗೆ ನಮ್ಮ ಕಡೆ ನೋಡಿದ. ‘ಬಡದದ್ದು ಗೊತ್ತಾತ್ರಿ. ಕನ್ನಡಿಯಾಗ ಕಂಡ್ತು. ಹಿಂದ ಅವರು ಬರಾಕತ್ತಿದ್ರು, ಸಿಕ್ರ ಹೊಡೀತಾರ ಅಂತ ಓಡಿದೆ. ಓನರ್ ನಿಂತಿಲ್ಲ ಅಂತ ಹೇಳು ಅಂದ್ರು, ಹೇಳಿದೆ.’

ಆಮೇಲಿನದೆಲ್ಲ ಅವರವರ ಕೆಲಸ. ಸ್ವಲ್ಪ ಕಾಲದ ನಂತರ ತೀರ್ಪು ನಮ್ಮ ಕಡೆ ಆಯಿತು. ತಂಗಿಯನ್ನು ‘ಗೃಹಿಣಿ’ ಎಂದು ಬರೆದು ಬಿಡದೆ, ಬೀಜದ ಹೊಲದಲ್ಲಿ ಬೆರಳಿನ ಕೆಲಸ ಮಾಡುವವಳು ಎಂದು ಅದರಲ್ಲಿ ಬರೆದಿದ್ದರು. ಅದನ್ನು ಅವಳು ನನ್ನಿಂದ ಮತ್ತೊಮ್ಮೆ ಓದಿಸಿ ಕೇಳಿದಳು.

ಆದರೆ ಡ್ರೈವರು ಸಾಕ್ಷಿ ಹೇಳಿದ ದಿನದ್ದು ಇನ್ನೊಂದು ಮಾತು ಉಳಿದಿದೆ. ತಂಗಿಯ ಅತ್ತೆಯೂ ಅಂದು ನಮ್ಮ ಜೊತೆ ಬಂದಿದ್ದರು. ಕೋರ್ಟಿನ ಮೆಟ್ಟಿಲಿನ ಹತ್ತಿರ ಡ್ರೈವರು ಒಬ್ಬನೇ ನಿಂತಿದ್ದ. ಓನರು ಅವನನ್ನು ಬಿಟ್ಟು ಹೋಗಿದ್ದ. ಅತ್ತೆ ತಮ್ಮ ಕೈಚೀಲದಿಂದ ಆ ಟವೆಲ್ಲನ್ನು ತೆಗೆದರು. ಅವರು ಅದನ್ನು ತಂದದ್ದು ನಮಗಾರಿಗೂ ಗೊತ್ತಿರಲಿಲ್ಲ.

‘ತಗೋಪಾ, ನಿಂದಂತಿದು.’

ಅವನು ಕೈ ಚಾಚಲಿಲ್ಲ. ‘ಬ್ಯಾಡ್ರಿ ಅಮ್ಮಾರ.’

‘ಬ್ಯಾಡಂದ್ರ ನಾ ಎಷ್ಟ ದಿನ ಇಟಗೊಂಡ ಕುಂದರ್ಲಿ? ಉಪ್ಪಿನ ನೀರಾಗ ನೆನಿ ಹಾಕಿ ಒಗದೇನಿ, ರಗತ ಪೂರಾ ಹೋಗೇತಿ. ಅಂಚಿಗೆ ಒಂದೀಟ ಖಾರದ ಬಣ್ಣ ಉಳದೈತಿ. ಅದು ಮೊದಲಿಂದು, ನಮ್ಮದಲ್ಲ.’

ಅವನು ತೆಗೆದುಕೊಂಡ. ಎಲ್ಲಿ ನೋಡಬೇಕೆಂದು ತಿಳಿಯದೆ ಟವೆಲ್ಲಿನ ಮಡಿಕೆಯನ್ನೇ ನೋಡಿದ. ತಂಗಿಗೆ ಏನೋ ಹೇಳಲು ಹೋಗಿ, ‘ಕೈ ಹೆಂಗೈತ್ರಿ ಅಕ್ಕಾರ?’ ಎಂದಷ್ಟೇ ಕೇಳಿದ.

ತಂಗಿ ಸೆರಗಿನೊಳಗಿಂದ ಕೈ ತೆಗೆದು ತೋರಿಸಿದಳು. ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಲು ನೋಡಿದಳು. ಅಡಿಕೆಯಷ್ಟು ಸಂದು. ‘ಇಷ್ಟೈತಿ’ ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಅವನು ಅದನ್ನು ನೋಡಿದ. ಅವನಿಗೆ ಅದನ್ನು ನೋಡುವುದು ಓಡುವುದಕ್ಕಿಂತ ಕಷ್ಟವಾಗಿತ್ತು ಎಂದು ನಾನು ಹೇಳಬಹುದು, ಆದರೆ ಅದು ನನ್ನ ಊಹೆ. ಕಂಡದ್ದು ಇಷ್ಟು: ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಳ್ಳದೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಗೇಟಿನ ತನಕ ನಡೆದ.

ಅತ್ತೆ ಹಿಂದಿನಿಂದ, ‘ಇನ್ನೊಮ್ಮೆ ಯಾರಿಗರ ಕಟ್ಟೂ ಹಂಗಾದ್ರ ಜಾಡಿಸಿ ಕಟ್ಟು’ ಎಂದರು. ನಮ್ಮ ವಕೀಲರು ಫೈಲು ಮುಖಕ್ಕೆ ಅಡ್ಡ ಹಿಡಿದು ನಕ್ಕರು.

ಹುಬ್ಬಳ್ಳಿಯ ಆಪರೇಷನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ರಬ್ಬರಿನ ಚೆಂಡು ಹಿಸುಕುವುದು, ತಟ್ಟೆಯಿಂದ ಜೋಳದ ಕಾಳು ಆರಿಸುವುದು. ಫೋನಿನಲ್ಲಿ ಅವಳು ವಿಡಿಯೋ ಹಚ್ಚಿ, ‘ನೋಡು, ಇವತ್ತು ಕಡ್ಲಿ ಹಿಡದೆ’, ‘ಇವತ್ತು ಸಾಸವಿ ಹಿಡೀಲಿಲ್ಲ’ ಎಂದು ತೋರಿಸುತ್ತಿದ್ದಳು. ನಾನು ಅಂಗಡಿಯಲ್ಲಿ ಗಿರಾಕಿಗಳನ್ನು ಕೂರಿಸಿ ನೋಡುತ್ತಿದ್ದೆ.

ಈ ಸಲ ಕ್ರಾಸಿಂಗ್ ಶುರುವಾದಾಗ ಒಂದು ಸಂಜೆ ಅವಳ ಹೊಲಕ್ಕೆ ಹೋಗಿದ್ದೆ. ಮೋಟೆಬೆನ್ನೂರಿನಲ್ಲಿ ಬ್ಯಾಡಗಿ ರಸ್ತೆ ಬಂದು ಕೂಡುವ ತಿರುವನ್ನು ಬಸ್ಸು ದಾಟುವಾಗ ಮೊಣಕಾಲು ಒಳಗೆ ಎಳೆದುಕೊಂಡಿತು, ನಾನು ಅದರ ಮೇಲೆ ಕೈ ಇಟ್ಟುಕೊಂಡು ಕುಳಿತೆ. ಬಲೆಯ ಮನೆಯೊಳಗೆ ಹೆಂಗಸರು ಸಾಲಿನಲ್ಲಿ ಬಗ್ಗಿ ಮೊಗ್ಗಿನ ಗಂಡು ಭಾಗ ಕೀಳುತ್ತಿದ್ದರು. ತಂಗಿ ಕೊನೆಯ ಸಾಲಿನಲ್ಲಿದ್ದಳು, ಉಳಿದವರಿಗಿಂತ ನಿಧಾನ. ಮೊದಲ ಮೊಗ್ಗು ಮುರಿಯಿತು. ಎರಡನೆಯದರಲ್ಲಿ ಚಿಮಟ ಜಾರಿತು. ಪಕ್ಕದ ಹೆಂಗಸು, ‘ಕಲಿಸಿದಾಕಿನ ಮುರೀತಾಳ, ನಮಗ ಬೈತಾಳ’ ಎಂದಳು. ತಂಗಿ, ‘ನಿನ್ನ ಸಾಲು ನೀ ನೋಡು’ ಎಂದಳು.

ಆಮೇಲೆ ಇನ್ನೊಂದು ಮೊಗ್ಗು ಹಿಡಿದು, ಉಸಿರು ಬಿಗಿಹಿಡಿದು, ನನ್ನ ಕಡೆ ತಿರುಗದೆಯೇ ಕೇಳಿದಳು:

‘ಅಕ್ಕಾ, ಖರೇ ಹೇಳು. ಬೆರಳ ಕೂಡ್ಯಾವಿಲ್ಲೋ?’

ನಾನು ಬಗ್ಗಿ ಹತ್ತಿರದಿಂದ ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುವೆ ಹಸಿರು ಮೊಗ್ಗಿನ ತೊಟ್ಟು.

‘ಕೂಡ್ಯಾವ’ ಎಂದೆ. ‘ಒಂದು ಎಳಿಯಷ್ಟು ಸಂದೈತಿ.’

‘ಎಳಿಯಷ್ಟ ಸಂದಿಗೆ ಹೂ ಬೀಳೂದಿಲ್ಲ ಬಿಡು’ ಎಂದು ಅವಳು ಮೊಗ್ಗಿಗೆ ಚಿಮಟ ಇಳಿಸಿದಳು.